ಬೀಸುವ ಪದ, ಬೀಸಿದವರ ಮಾತು: ಅರ್ಧ ಗಂಟೆಯ ರೇಡಿಯೋ ಡಾಕ್ಯುಮೆಂಟರಿ ಮಾಡುವುದು ಹೇಗೆ?

ನಮ್ಮ ರೇಡಿಯೋ ಕಾರ್ಯಕ್ರಮಗಳಲ್ಲಿ ಜನಪದ ಹಾಡಿಗೆ ಸಿಗುವ ಜಾಗ ಎರಡೇ. ಶುರುವಿನಲ್ಲಿ ಅರ್ಧ ನಿಮಿಷ, ಇಲ್ಲವೇ ನಿರೂಪಕರು ಮಾತಾಡುವಾಗ ಹಿಂದೆ ಸಣ್ಣಗೆ. ಹಳ್ಳಿಯವರ ಮಾತಿಗೂ ಹೆಚ್ಚುಕಡಿಮೆ ಇದೇ ಗತಿ. ನಿರೂಪಕರು ವಿಷಯವನ್ನೆಲ್ಲ ಹೇಳಿ ಮುಗಿಸುತ್ತಾರೆ. ಆಮೇಲೆ ಅಜ್ಜಿಯೊಬ್ಬರು ಬಂದು 'ಹೌದಪ್ಪ, ಆಗ ಭಾರಿ ಕಷ್ಟ ಇತ್ತು' ಅನ್ನುತ್ತಾರೆ. ಕಥೆ ಯಾರದೋ ಅವರೇ ಸಾಕ್ಷಿ ಹೇಳಿ ಹೋಗಲು ಬಂದವರಂತೆ ಕೇಳಿಸುತ್ತಾರೆ.

ಇದನ್ನು ತಿರುಗಿಸಬಹುದು. ಕಥೆಯನ್ನು ಜನರ ಮಾತೇ ಹೇಳಲಿ. ಮಾತು ನಿಂತ ಕಡೆಯಿಂದ ಹಾಡು ಅದನ್ನು ಮುಂದಕ್ಕೆ ಒಯ್ಯಲಿ. ನಿರೂಪಕರು ಊರು, ಹೆಸರು, ವರ್ಷ ಹೇಳುವಷ್ಟಕ್ಕೆ ಸಾಕು. ಕೆಳಗಿನ ಹಂತಗಳೆಲ್ಲ ಇದೊಂದನ್ನು ಸಾಧಿಸುವುದಕ್ಕೇ ಇವೆ.

ಇದು ಆಗುವ ಕೆಲಸ ಅಂತ 60 ವರ್ಷಕ್ಕೂ ಹಿಂದೆಯೇ ತೋರಿಸಿಕೊಟ್ಟವರಿದ್ದಾರೆ. 1957ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಗೂಡ್ಸ್ ರೈಲೊಂದರ ಬ್ರೇಕ್ ಕೆಟ್ಟು, ಇಳಿಜಾರಿನಲ್ಲಿ ಹತೋಟಿ ತಪ್ಪಿ ಓಡಿತು. ಚಾಲಕ ಜಾನ್ ಆಕ್ಸನ್ ಎಂಜಿನ್ ಬಿಟ್ಟು ಹಾರಲಿಲ್ಲ, ಡಿಕ್ಕಿಯಲ್ಲಿ ತೀರಿಕೊಂಡರು. ಬಿಬಿಸಿಯ ನಿರ್ಮಾಪಕ ಚಾರ್ಲ್ಸ್ ಪಾರ್ಕರ್ ಮತ್ತು ಹಾಡುಗಾರ ಇವಾನ್ ಮೆಕಾಲ್, ಆಕ್ಸನ್ ಜೊತೆ ಕೆಲಸ ಮಾಡಿದವರ ಹತ್ತಿರ ಹೋಗಿ ಮಾತು ರೆಕಾರ್ಡ್ ಮಾಡಿಕೊಂಡರು. ಅಂಥ ಮಾತನ್ನು ನಟರ ಬಾಯಲ್ಲಿ ಮತ್ತೆ ಹೇಳಿಸುವುದು ಆಗಿನ ರೂಢಿ. ಟೇಪ್ ಕೇಳಿದ ಮೇಲೆ ಅವರಿಗೆ ನಟರು ಬೇಕೆನಿಸಲಿಲ್ಲ. ರೈಲ್ವೆಯವರ ಮಾತನ್ನೇ ಇಟ್ಟರು, ಆ ಮಾತಿನ ಲಯದಲ್ಲೇ ಮೆಕಾಲ್ ಹಾಡು ಕಟ್ಟಿದರು, ಹಾಡುಗಾರ್ತಿ ಪೆಗ್ಗಿ ಸೀಗರ್ ಸಂಗೀತ ಹೊಂದಿಸಿದರು. 1958ರಲ್ಲಿ ಅದು ಪ್ರಸಾರವಾಯಿತು. 'ರೇಡಿಯೋ ಬ್ಯಾಲಡ್' ಅನ್ನುವ ಹೆಸರಲ್ಲಿ 1964ರ ತನಕ ಇಂಥ ಎಂಟು ಕಾರ್ಯಕ್ರಮ ಬಂದವು. ರಸ್ತೆ ಕೆಲಸದವರು, ಗಣಿ ಕಾರ್ಮಿಕರು, ಊರೂರು ಅಲೆಯುವವರು, ಎಲ್ಲರ ಬಗ್ಗೆಯೂ. ಮೀನುಗಾರರ ಮೇಲಿನ 1960ರ ಕಾರ್ಯಕ್ರಮಕ್ಕೆ ಪ್ರಿ ಇಟಾಲಿಯಾ ಅನ್ನುವ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದರಲ್ಲಿ ನಾರ್ಫೋಕ್‌ನ ವಯಸ್ಸಾದ ಮೀನುಗಾರ ಸ್ಯಾಮ್ ಲಾರ್ನರ್ ಇದ್ದಾರೆ. ಸಮುದ್ರದ ಕೆಲಸವನ್ನು ಮಾತಲ್ಲೂ ಹೇಳುತ್ತಾರೆ, ಹಾಡಲ್ಲೂ ಹೇಳುತ್ತಾರೆ. ನಮ್ಮಲ್ಲಿ ಅಂಥವರಿಗೇನು ಕಡಿಮೆ?

ಉದಾಹರಣೆಗೆ ಹಳೇ ಮೈಸೂರು ಸೀಮೆಯ ಒಂದು ವಿಷಯ ಇಟ್ಟುಕೊಳ್ಳೋಣ: ರಾಗಿ ಹಿಟ್ಟಾಗುವ ಕಥೆ. ಬೀಸುಕಲ್ಲಿನಿಂದ ಗಿರಣಿಯ ತನಕ.

ಕೆಲಸದಿಂದ ಶುರು ಮಾಡಿ

'ನಮ್ಮ ಜಾನಪದ' ಅಂತ ವಿಷಯ ಇಟ್ಟುಕೊಂಡರೆ ಕಾರ್ಯಕ್ರಮ ಎಲ್ಲೂ ಊರುವುದಿಲ್ಲ. ಒಂದು ಕೆಲಸ ಹಿಡಿಯಿರಿ. ನಮ್ಮ ಹಾಡುಗಳಲ್ಲಿ ಎಷ್ಟೋ ಹುಟ್ಟಿದ್ದೇ ಕೆಲಸದ ಜೊತೆ. ಬೀಸುವಾಗ ಬೀಸುವ ಪದ, ಕುಟ್ಟುವಾಗ ಕುಟ್ಟುವ ಪದ, ತುಳುನಾಡಿನ ಗದ್ದೆಯಲ್ಲಿ ನೇಜಿ ನೆಡುವಾಗ ಪಾಡ್ದನ, ಉತ್ತರ ಕರ್ನಾಟಕದ ಕಣದಲ್ಲಿ ಹಂತಿ ಪದ. ಕೆಲಸ ಸಿಕ್ಕಿದರೆ ಅದರ ಸದ್ದು ಸಿಗುತ್ತದೆ, ಮಾತು ಸಿಗುತ್ತದೆ, ಹಾಡೂ ಸಿಗುತ್ತದೆ. ಮೂರೂ ಒಂದೇ ಅಂಗಳದ್ದಾಗಿರುತ್ತವೆ.

ಆ ಕೆಲಸ ಈಗ ಹೇಗೆ ನಡೆಯುತ್ತಿದೆ ಅನ್ನುವುದನ್ನೂ ಸೇರಿಸಿ. ಬರೀ ಹಳೆಯದನ್ನೇ ಕೇಳಿಸಿದರೆ ಮ್ಯೂಸಿಯಂ ಆಗುತ್ತದೆ. ರಾಗಿ ಒಕ್ಕಣೆ ಈಗ ಎಷ್ಟೋ ಕಡೆ ಡಾಂಬರು ರಸ್ತೆಯ ಮೇಲೇ ನಡೆಯುತ್ತದಲ್ವಾ? ತೆನೆ ಹರಡಿದ ರಸ್ತೆಯಲ್ಲಿ ಲಾರಿ ಬರುವುದು, ಟೈರಿನ ಸದ್ದು ಥಟ್ಟನೆ ಮೆತ್ತಗಾಗುವುದು, ಪಕ್ಕದಲ್ಲಿ ನಿಂತವರು ಬೈಕಿನವನಿಗೆ 'ನಿಧಾನ' ಅಂತ ಕೂಗುವುದು. ಇದಕ್ಕೆ ಯಾವ ನಿರೂಪಣೆಯೂ ಬೇಡ.

ಸಾಮಾನು

ದುಬಾರಿ ಸಾಮಾನು ಬೇಕಿಲ್ಲ. ಟಾಸ್ಕಾಂ ಅಥವಾ ಝೂಮ್ ಕಂಪನಿಯ ಚಿಕ್ಕ ರೆಕಾರ್ಡರ್ ಆದೀತು, ಹೊರಗಿನ ಮೈಕ್ ಹಾಕಿದ ಫೋನೂ ಆದೀತು. ವೇವ್ ಫೈಲಾಗಿ, 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಎಂಪಿ3 ಬೇಡ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಮಾತ್ರ ಬೇಕೇ ಬೇಕು. ಮೈಕಿಗೆ ಗಾಳಿ ತಡೆಯುವ ಸ್ಪಂಜಿನ ಟೋಪಿ, ಬಯಲಿಗೆ ತುಪ್ಪಳದ್ದು. ಒಂದು ಕಂಬಳಿ ಮಡಿಸಿ ಚೀಲಕ್ಕೆ ಹಾಕಿಕೊಳ್ಳಿ, ಯಾಕೆಂದು ಮುಂದೆ ಹೇಳುತ್ತೇನೆ. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಒಳ್ಳೆಯ ಮಾತಿನ ನಡುವೆ ಗರ್ ಅನ್ನುವ ಸದ್ದು ಕೂರುತ್ತದೆ, ಅದನ್ನು ತೆಗೆಯಲಾಗುವುದಿಲ್ಲ.

ಮಾತು ರೆಕಾರ್ಡ್ ಮಾಡುವಾಗ

ಮೊದಲ ಸಲ ಹೋದಾಗ ಮೈಕ್ ತೆಗೆಯಬೇಡಿ. ಸುಮ್ನೆ ಕೂತು ಮಾತಾಡಿ, ಕಾಫಿ ಕೊಟ್ಟರೆ ಕುಡಿಯಿರಿ. ಯಾರ ಮಾತು ಚೆನ್ನಾಗಿದೆ, ಯಾರು ಹಾಡುತ್ತಾರೆ, ಯಾರ ಮನೆಯಲ್ಲಿ ಬೀಸುಕಲ್ಲು ಇನ್ನೂ ಇದೆ ಅನ್ನುವುದು ಅಷ್ಟರಲ್ಲೇ ತಿಳಿಯುತ್ತದೆ. ಊರಲ್ಲಿ ಮುಂದೆ ಬಂದು ಮಾತಾಡುವವರು ಹೆಚ್ಚಾಗಿ ಗಂಡಸರು, ಮೇಲಿನ ಕೇರಿಯವರು. ಬೀಸಿದವರು ಹೆಂಗಸರು. ಕೂಲಿಗೆ ಬೀಸಿಕೊಟ್ಟವರೂ ಇದ್ದರು. ಆ ಮನೆಗಳಿಗೂ ಹೋಗಿ.

ರೆಕಾರ್ಡ್ ಮಾಡುವ ದಿನ ಮೊದಲು ಕಿವಿಯಿಂದ ಮನೆ ನೋಡಿ. ಫ್ಯಾನು, ಟಿವಿ, ಫ್ರಿಜ್ ಯಾವುದು ಸದ್ದು ಮಾಡುತ್ತಿದೆ? ಕೇಳಿಕೊಂಡು ಆರಿಸಿ. ಶೀಟಿನ ಮನೆಯಲ್ಲಿ, ಖಾಲಿ ಹಾಲಿನಲ್ಲಿ ಮಾತು ಗುಂಯ್ ಅನ್ನುತ್ತದೆ. ಬಟ್ಟೆ, ಹಾಸಿಗೆ ಇರುವ ಕೋಣೆ ವಾಸಿ. ಜಗಲಿ ಎಷ್ಟೋ ಸಲ ಇನ್ನೂ ವಾಸಿ. ಮೈಕು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇರಲಿ. ಮಾತು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 18ರಿಂದ ಮೈನಸ್ 12 ಡೆಸಿಬೆಲ್ ನಡುವೆ ಆಡಿದರೆ ಸಾಕು. ಜೋರಾಗಿ ನಕ್ಕಾಗಲೂ ಒಡೆಯುವುದಿಲ್ಲ.

ಈಗ ಕಷ್ಟದ ವಿಷಯ. ಯಾರಾದರೂ ಕಥೆ ಹೇಳುವಾಗ ನಾವು ಹೂಂಗುಟ್ಟುತ್ತೇವೆ. ಹೂಂಗುಟ್ಟದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ, 'ಕೇಳ್ತಿದ್ದೀಯಾ ಇಲ್ವಾ' ಅಂತ ಕೇಳುತ್ತಾರೆ. ಆದರೆ ನಿಮ್ಮ 'ಹ್ಞೂಂ ಹ್ಞೂಂ' ಅವರ ಮಾತಿನ ಮೇಲೆ ಬಿದ್ದರೆ ಎಡಿಟ್ ಮಾಡುವುದು ಕಷ್ಟ. ದಾರಿ ಎರಡಿವೆ. ಒಂದು, ಕಣ್ಣು ಬಿಡದೆ ತಲೆಯಾಡಿಸುವುದು. ಮುಂಚೆಯೇ 'ಅಜ್ಜೀ, ಮೈಕಲ್ಲಿ ನನ್ನ ಸದ್ದು ಬರಬಾರ್ದು, ಅದಕ್ಕೆ ಬಾಯಿ ಬಿಡಲ್ಲ, ಕೇಳ್ತಾನೇ ಇರ್ತೀನಿ' ಅಂತ ಹೇಳಿಬಿಡಿ. ಇನ್ನೊಂದು ನನಗೆ ಜಾಸ್ತಿ ಇಷ್ಟ. ಅವರ ಓರಗಿತ್ತಿಯನ್ನೋ ಪಕ್ಕದ ಮನೆಯವರನ್ನೋ ಎದುರಿಗೆ ಕೂರಿಸಿ, ನೀವು ಹಿಂದೆ ಸರಿಯಿರಿ. ಅವರು ಹೂಂಗುಟ್ಟಲಿ, ನಡುವೆ 'ಅಯ್ಯೋ ಅಂಗಲ್ಲ ಕಣಕ್ಕ' ಅಂತ ತಿದ್ದಲಿ. ಆ ಮಾತುಕತೆ ಸಂದರ್ಶನಕ್ಕಿಂತ ಎಷ್ಟೋ ಪಾಲು ಜೀವಂತ. ಅದನ್ನು ಹಾಗೇ ಪ್ರಸಾರ ಮಾಡಬಹುದು.

ಕೇಳುವ ಪ್ರಶ್ನೆ ಸಣ್ಣ ಉತ್ತರ ತರುವಂತಿರಬಾರದು. 'ಎಷ್ಟು ಗಂಟೆಗೆ ಏಳ್ತಿದ್ರಿ?' ಅಂದರೆ 'ನಾಕ್ ಗಂಟೆಗೆ' ಅನ್ನುತ್ತಾರೆ, ಮುಗಿಯಿತು. ಬದಲಿಗೆ, 'ಆ ಹೊತ್ತಲ್ಲಿ ನಾನು ನಿಮ್ಮ ಮನೇಲಿ ಮಲಗಿದ್ರೆ ನನಗೆ ಏನೇನು ಕೇಳಿಸ್ತಿತ್ತು?' ಅಂತ ಕೇಳಿ ನೋಡಿ. ಕೋಳಿ, ಕಲ್ಲು, ಅತ್ತೆಯ ಕೆಮ್ಮು, ಮೊರದ ಸದ್ದು, ಮಗುವಿನ ಅಳು ಒಂದೊಂದಾಗಿ ಬರುತ್ತವೆ. ರೇಡಿಯೋಗೆ ಬೇಕಾದ್ದು ಇದೇ. ಉತ್ತರ ಮುಗಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿರಿ. ಒಳ್ಳೆಯ ಮಾತು ಎಷ್ಟೋ ಸಲ ಆ ಮೌನದ ಆಚೆಗೆ ಇರುತ್ತದೆ.

ಯಾರಿಗೂ 'ಶುದ್ಧ ಕನ್ನಡದಲ್ಲಿ ಹೇಳಿ' ಅನ್ನಬೇಡಿ. ಮೈಕ್ ಕಂಡರೆ ಜನ ತಾವಾಗಿಯೇ ಭಾಷಣದ ಕನ್ನಡಕ್ಕೆ ಹೋಗುತ್ತಾರೆ. ಕೈಯಲ್ಲಿ ಕೆಲಸ ಇದ್ದರೆ ಅದು ತಾನಾಗಿ ಹೋಗುತ್ತದೆ. ರಾಗಿ ಕೇರುತ್ತಲೋ ಅವರೆಕಾಯಿ ಸುಲಿಯುತ್ತಲೋ ಮಾತಾಡಲಿ.

ಎದ್ದು ಬರುವ ಮುಂಚೆ ಒಂದು ನಿಮಿಷ ಎಲ್ಲರೂ ಸುಮ್ಮನಿದ್ದು ಆ ಜಾಗದ ಬರೀ ಸದ್ದನ್ನು ರೆಕಾರ್ಡ್ ಮಾಡಿ. ಎಡಿಟ್ ಮಾಡುವಾಗ ಮಾತಿನ ನಡುವಿನ ಸಂದು ಮುಚ್ಚಲು ಅದೊಂದೇ ದಾರಿ.

ಪದ ರೆಕಾರ್ಡ್ ಮಾಡುವಾಗ

'ಒಂದು ಪದ ಹೇಳಿ' ಅಂತ ಕುರ್ಚಿಯ ಮೇಲೆ ಕೂರಿಸಿ ಕೇಳಿದರೆ 'ಎಲ್ಲಾ ಮರ್ತೋಯ್ತು ಕಣಪ್ಪ' ಅನ್ನುತ್ತಾರೆ. ಅವರನ್ನು ಕಲ್ಲಿನ ಮುಂದೆ ಕೂರಿಸಿ. ಗೂಟ ಹಿಡಿದು ನಾಲ್ಕು ಸುತ್ತು ತಿರುಗಿಸಿದರೆ ಪದ ಬರಲು ಶುರುವಾಗುತ್ತದೆ. ಹಾಡಿನ ಲಯ ಇರುವುದೇ ಕಲ್ಲಿನ ಸುತ್ತಿನಲ್ಲಿ. ಇಬ್ಬರು ಬೀಸುವುದಾದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಒಬ್ಬರನ್ನೇ ಕರೆದರೆ ಅರ್ಧ ಪದ ಮಾತ್ರ ಸಿಗುತ್ತದೆ.

ಕಲ್ಲಿಗೆ ರಾಗಿ ಹಾಕಿಯೇ ಬೀಸಲಿ. ಖಾಲಿ ಕಲ್ಲು ಕರಕರ ಅಂತ ಕಿವಿ ಕೊರೆಯುತ್ತದೆ, ಕಲ್ಲಿಗೂ ಒಳ್ಳೆಯದಲ್ಲ. ಕಾಳು ಬಿದ್ದ ಕೂಡಲೇ ಸದ್ದು ದಪ್ಪಗಾಗುತ್ತದೆ, ಕಾಳು ಮುಗಿಯುತ್ತಾ ಬಂದ ಹಾಗೆ ಮತ್ತೆ ತೆಳ್ಳಗಾಗುತ್ತದೆ, ಇನ್ನೊಂದು ಹಿಡಿ ಹಾಕಿದಾಗ ಮತ್ತೆ ದಪ್ಪ. ಈ ಏರಿಳಿತವನ್ನು ಹೆಡ್‌ಫೋನಿನಲ್ಲಿ ಗಮನಿಸಿ, ಮುಂದೆ ಕೆಲಸಕ್ಕೆ ಬರುತ್ತದೆ. ರೆಕಾರ್ಡರನ್ನು ನೆಲದ ಮೇಲೆ ಇಟ್ಟರೆ ಕಲ್ಲಿನ ನಡುಕ ನೇರವಾಗಿ ಒಳಗೆ ಹೋಗಿ ಗುಡುಗಿನ ಸದ್ದಾಗುತ್ತದೆ. ಕಂಬಳಿ ಬೇಕಾಗುವುದು ಇಲ್ಲೇ. ಅದನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಸ್ಟ್ಯಾಂಡ್ ಇಡಿ.

ಮೂರು ಸಲ ರೆಕಾರ್ಡ್ ಮಾಡಿ. ಮೊದಲು ಪದ ಮತ್ತು ಕಲ್ಲು ಒಟ್ಟಿಗೆ, ಮೈಕು ಬಾಯಿಗೆ ಹತ್ತಿರ. ಆಮೇಲೆ ಪದವಿಲ್ಲದೆ ಬರೀ ಕಲ್ಲು, ಎರಡು ಮೂರು ನಿಮಿಷ. ಕೊನೆಗೆ, ಅವರಿಗೆ ಒಪ್ಪಿಗೆಯಾದರೆ, ಕಲ್ಲಿಲ್ಲದೆ ಬರೀ ಪದ. ಮೊದಲನೆಯದೇ ಕಾರ್ಯಕ್ರಮದ ಜೀವ, ಉಳಿದೆರಡು ಜೋಡಿಸಲು.

ವಾದ್ಯವಿದ್ದರೆ ಲೆಕ್ಕ ಬೇರೆ. ಡೊಳ್ಳು, ತಮಟೆಗೆ ಹತ್ತು ಹದಿನೈದು ಅಡಿ ದೂರ ನಿಲ್ಲಿ, ಮೊದಲು ಅತಿ ಜೋರು ಪೆಟ್ಟು ಹೊಡೆಯಲು ಹೇಳಿ ರೆಕಾರ್ಡರಿನ ಮಟ್ಟ ಇಳಿಸಿಕೊಳ್ಳಿ. ಕಂಸಾಳೆಯ ತಾಳ ಚಿಕ್ಕದಾದರೂ ಮೊನಚು ಜಾಸ್ತಿ, ಮೀಟರು ಸರಿ ತೋರಿಸುತ್ತಿದ್ದರೂ ಸದ್ದು ಒಡೆದಿರಬಹುದು. ಕಿವಿಯನ್ನೇ ನಂಬಿ. ತಂಬೂರಿ ಹಿಡಿದು ಹಾಡುವ ನೀಲಗಾರರ ಮುಂದೆ ಮೈಕನ್ನು ಎದೆ ಮಟ್ಟಕ್ಕೆ ಇಟ್ಟರೆ ಬಾಯಿ, ತಂತಿ ಎರಡೂ ಸಿಗುತ್ತವೆ. ಗೀಗೀ ಮೇಳದಲ್ಲಿ ಹಿಂದೆ ಸೊಲ್ಲು ಹಿಡಿಯುವವರನ್ನು ಮರೆಯಬೇಡಿ. ಅವರ ದನಿ ದೂರವಾದರೆ ಪದ ಸೊರಗುತ್ತದೆ.

ಕೆಲವು ಪದಗಳನ್ನು ದೇವರ ಮುಂದೆ ಮಾತ್ರ ಹಾಡುತ್ತಾರೆ. ಸಾವಿನ ಹಾಡನ್ನು ಸುಮ್ಮಸುಮ್ಮನೆ ಮನೆಯೊಳಗೆ ಹಾಡಲು ಒಪ್ಪದವರಿದ್ದಾರೆ. 'ಆಗಲ್ಲ' ಅಂದರೆ ಅಲ್ಲಿಗೆ ಬಿಡಿ. ಎರಡನೇ ಸಲ ಕೇಳುವುದೂ ಒತ್ತಾಯವೇ.

ಒಪ್ಪಿಗೆ, ಹಕ್ಕು, ದುಡ್ಡು

'ಜನಪದ ಹಾಡು, ಯಾರದೂ ಅಲ್ಲ' ಅನ್ನುವ ಮಾತು ಅರ್ಧ ಮಾತ್ರ ನಿಜ. ಕಟ್ಟಿದವರು ಯಾರೆಂದು ಗೊತ್ತಿಲ್ಲದಿರಬಹುದು. ಆದರೆ ಹಾಡಿದವರು ನಿಮ್ಮ ಎದುರಿಗೇ ಇದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಅಂತ ಇದೆ. ಹಾಡಿದವರಿಗೆ ತಮ್ಮ ಹಾಡುಗಾರಿಕೆಯ ಮೇಲೆ 50 ವರ್ಷ ಹಕ್ಕು. ಹಳೆಯ ಕ್ಯಾಸೆಟ್ಟಿನಿಂದಲೋ ಯೂಟ್ಯೂಬಿನಿಂದಲೋ ತೆಗೆದು ಹಾಕಿಕೊಳ್ಳುವುದು ಅದಕ್ಕೇ ಸರಿಯಲ್ಲ. ಆ ರೆಕಾರ್ಡಿಂಗಿಗೆ ಅದನ್ನು ಮಾಡಿಸಿದವರ ಹಕ್ಕೂ ಬೇರೆ ಇರುತ್ತದೆ.

ಒಪ್ಪಿಗೆಯನ್ನು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿ ಮುಗಿಸಬೇಡಿ. ಮಾತಲ್ಲೇ ರೆಕಾರ್ಡ್ ಮಾಡಿ. ಹೆಸರು, ಊರು, ತಾರೀಕು, ಯಾವ ರೇಡಿಯೋಗೆ, ಇಂಟರ್ನೆಟ್ಟಿಗೂ ಹೋಗುತ್ತದೆಯೋ, ಬೇಡವಾದರೆ ಯಾವುದನ್ನು ತೆಗೆಯಬೇಕು, ಎಲ್ಲವನ್ನೂ ಅವರ ಬಾಯಲ್ಲಿ ಕೇಳಿಸಿಕೊಳ್ಳಿ. ಇಂಟರ್ನೆಟ್ಟಿಗೆ ಹೋದರೆ ದುಬೈಯಲ್ಲಿರುವ ಮೊಮ್ಮಗನೂ ಕೇಳುತ್ತಾನೆ, ಅತ್ತೆಯನ್ನು ಬೈದ ಮಾತನ್ನು ನೆಂಟರೂ ಕೇಳುತ್ತಾರೆ. ಇದನ್ನು ಬಿಡಿಸಿ ಹೇಳುವುದು ನಿಮ್ಮ ಕೆಲಸ. ಆ ದಿನದ ಕೂಲಿ ಬಿಟ್ಟು ಬಂದವರಿಗೆ ಕೂಲಿಗೆ ಕಡಿಮೆಯಿಲ್ಲದ ಸಂಭಾವನೆ ಕೊಡಿ. ಬಜೆಟ್ಟಿನಲ್ಲಿ ಇದು ಮೊದಲ ಸಾಲಾಗಿರಲಿ.

ಕೇಳಿ ಬರೆದುಕೊಳ್ಳುವುದು

ಬೇಸರದ ಕೆಲಸ, ಆದರೂ ಬಿಡುವಂತಿಲ್ಲ. ಎಲ್ಲವನ್ನೂ ಕೇಳಿ, ನಿಮಿಷ ಸೆಕೆಂಡಿನ ಸಮೇತ ಬರೆದುಕೊಳ್ಳಿ. ಒಂದು ಗಂಟೆಯ ರೆಕಾರ್ಡಿಂಗಿಗೆ ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಅವರು ಆಡಿದ ಹಾಗೇ ಬರೆಯಿರಿ. 'ಒತ್ತಾರೆ' ಅಂದಿದ್ದರೆ 'ಒತ್ತಾರೆ', 'ಬೆಳಗ್ಗೆ' ಅಂತ ತಿದ್ದಬೇಡಿ. ಒಳ್ಳೆಯ ತುಣುಕುಗಳನ್ನು ಬೇರೆ ಬೇರೆ ಚೀಟಿಗಳಲ್ಲಿ ಬರೆದು ನೆಲದ ಮೇಲೆ ಹರಡಿ. ಮಾತಿನ ಚೀಟಿಗೆ ಒಂದು ಬಣ್ಣ, ಪದಕ್ಕೆ ಒಂದು, ಸದ್ದಿಗೆ ಒಂದು. ಕಂಪ್ಯೂಟರ್ ಮುಟ್ಟುವ ಮುಂಚೆ ಇಲ್ಲೇ ಕಾರ್ಯಕ್ರಮದ ಆಕಾರ ಬರಬೇಕು.

ಜೋಡಿಸುವುದು

ಪದವನ್ನು ಇಡುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ತೆಗೆದರೆ ಕಥೆಯಲ್ಲಿ ಏನಾದರೂ ಕಡಿಮೆ ಆಗುತ್ತದಾ? ಆಗದಿದ್ದರೆ ಆ ಪದ ಅಲ್ಲಿ ಅಲಂಕಾರಕ್ಕೆ ಇದೆ. ಎಷ್ಟೇ ಚೆನ್ನಾಗಿದ್ದರೂ ತೆಗೆಯಿರಿ.

ಒಂದು ತುಣುಕು ಹೇಗೆ ಕಟ್ಟಬಹುದು ನೋಡೋಣ. ಇಂಥ ಮಾತುಗಳು ಸಿಕ್ಕಿವೆ ಅಂದುಕೊಳ್ಳಿ.

ಗಿರಣಿ ಓಡುತ್ತಿದೆ. ಬೆಲ್ಟಿನ ಪಟಪಟ, ಹೊರಗೆ ಡಬ್ಬ ಇಟ್ಟುಕೊಂಡು ಕಾಯುವವರ ಮಾತು. ಕರೆಂಟು ಹೋಗುತ್ತದೆ. ಚಕ್ರದ ಸದ್ದು ಇಳಿಯುತ್ತಾ ಇಳಿಯುತ್ತಾ ನಿಲ್ಲುತ್ತದೆ. ಅದು ನಿಂತ ಜಾಗದಲ್ಲೇ ಬೀಸುಕಲ್ಲು ಶುರು. ಆರು ಸೆಕೆಂಡು ಬರೀ ಕಲ್ಲು.

ಅಜ್ಜಿ: 'ಕೋಳಿ ಕೂಗಾಕ್ ಮುಂಚೆ ಏಳ್ತಿದ್ವಿ. ಅಷ್ಟು ಜನ ಉಣ್ಬೇಕಲ್ಲ.'

ಕಲ್ಲು ಎರಡು ಸುತ್ತು.

ಸೊಸೆ: 'ನಮ್ಮತ್ತೆ ಪದ ಹೇಳೋದ್ ಕೇಳೇ ನಂಗೆ ಎಚ್ಚರ ಆಗೋದು. ಗಡಿಯಾರ ಎಲ್ಲಿತ್ತು?'

ಇಲ್ಲಿ ಪದ ಬರುತ್ತದೆ, ಎರಡು ತ್ರಿಪದಿ ಪೂರ್ತಿ, ಮೇಲೆ ಯಾರ ಮಾತೂ ಇಲ್ಲದೆ. ತವರು ಮನೆಯ ನೆನಪಿನ ಪದ. ಅದು ಮುಗಿದ ಮೇಲೆ ಅಜ್ಜಿ: 'ಅತ್ತೆ ಮ್ಯಾಲೆ ಸಿಟ್ಟಿದ್ರೆ ಎದುರ್ಗೆ ಅನ್ನಂಗಿತ್ತಾ? ಪದದಲ್ಲೇ ಅಂದ್ಬುಡ್ತಿದ್ವಿ.' ಆಮೇಲೆ ಸಿಟ್ಟಿನ ಪದ.

ನಿರೂಪಕರು ಒಂದು ಮಾತೂ ಆಡಿಲ್ಲ. ಕಾಲ ಹಿಂದಕ್ಕೆ ಹೋಗಿದ್ದನ್ನು ಕಲ್ಲು ಹೇಳಿತು. ಪದ ಮನರಂಜನೆಗೆ ಮಾತ್ರ ಇರಲಿಲ್ಲ, ಹೇಳಲಾಗದ್ದನ್ನು ಹೇಳಲು ಇತ್ತು ಅನ್ನುವುದನ್ನು ಅಜ್ಜಿಯೇ ಹೇಳಿದರು. ಅದನ್ನು ಅವರ ಪದವೇ ತೋರಿಸಿತು.

ಕತ್ತರಿಸುವ ಜಾಗದಲ್ಲಿ ಎಚ್ಚರ. ತ್ರಿಪದಿಗೆ ಬರೆದಾಗ ಮೂರೇ ಸಾಲು. ಹಾಡುವಾಗ ಎರಡನೆಯ ಸಾಲನ್ನು ಮತ್ತೆ ಎತ್ತಿಕೊಂಡು ಮೂರನೆಯದಕ್ಕೆ ಹೋಗುವುದು ರೂಢಿ. 'ಇದು ಎರಡು ಸಲ ಬಂತಲ್ಲ' ಅಂತ ಅದನ್ನು ಕತ್ತರಿಸಿದರೆ ಪದ ಕುಂಟುತ್ತದೆ. ಮೂರನೆಯ ಸಾಲು ಪೂರ್ತಿ ಮುಗಿದು, ಉಸಿರು ಎಳೆದುಕೊಳ್ಳುವಲ್ಲಿ ಕತ್ತರಿ ಇಡಿ. ಕಲ್ಲಿನ ಸದ್ದು ತೆಳ್ಳಗಾದ ಕಡೆ ಇದ್ದರೆ ಇನ್ನೂ ಒಳ್ಳೆಯದು, ಜೋಡಣೆ ಕಿವಿಗೆ ಗೊತ್ತಾಗುವುದಿಲ್ಲ. ಮಾತಿನಲ್ಲೂ ಅಷ್ಟೇ. 'ಅದೇ', 'ಏನಂದ್ರೆ', 'ಕಣವ್ವ' ಎಲ್ಲ ಕಿತ್ತರೆ ಮನುಷ್ಯರು ಉಳಿಯುವುದಿಲ್ಲ. ಅರ್ಥ ಬದಲಾಗುವ ಹಾಗಂತೂ ಯಾವತ್ತೂ ಕತ್ತರಿಸಬೇಡಿ.

ಇಂದಿನ ಗಿರಣಿಯ ಬಗ್ಗೆ ಪದ ಇಲ್ಲ, ಆದರೆ ಬೇಕು ಅನಿಸಿದರೆ? ಮೆಕಾಲ್ ಮಾಡಿದ್ದನ್ನು ಮಾಡಿ, ಆದರೆ ಊರಿನವರ ಕೈಯಲ್ಲಿ. ಗೀಗೀ, ಲಾವಣಿ ಮೇಳಗಳಲ್ಲಿ ನಿಂತಲ್ಲೇ ಪದ ಕಟ್ಟುವವರು ಈಗಲೂ ಇದ್ದಾರೆ. ನೀವು ರೆಕಾರ್ಡ್ ಮಾಡಿದ ಮಾತನ್ನು ಅವರಿಗೆ ಕೇಳಿಸಿ. ಸೊಸೆಯ ಮಾತು, ಗಿರಣಿಯವರ ಮಾತು ಎರಡನ್ನೂ ಸೇರಿಸಿ ಕಟ್ಟಲಿ. ಕಟ್ಟಿದವರ ಹೆಸರನ್ನು ಪ್ರಸಾರದಲ್ಲಿ ಹೇಳಿ. ಇದು ಹೊಸ ಪದ ಅನ್ನುವುದನ್ನೂ ಹೇಳಿ, ಹಳೆಯದರ ಜೊತೆ ಬೆರೆಸಿ ಹಳೆಯದೆಂದು ಕೇಳಿಸಬೇಡಿ.

ಮಿಕ್ಸಿಂಗ್

ಮಾತಿನ ಕೆಳಗೆ ಮಾತಿರುವ ಹಾಡನ್ನು ಹಾಕಬೇಡಿ. ಕನ್ನಡದ ಮೇಲೆ ಕನ್ನಡ ಬಿದ್ದರೆ ಕೇಳುವವರಿಗೆ ಎರಡೂ ಸಿಗುವುದಿಲ್ಲ. ಮಾತಿನ ಕೆಳಗೆ ಏನಾದರೂ ಬೇಕಿದ್ದರೆ ಬರೀ ಕಲ್ಲು, ಬರೀ ತಂಬೂರಿ, ಬರೀ ಜಾಗದ ಸದ್ದು. ಅದೂ ಮಾತಿಗಿಂತ 15ರಿಂದ 18 ಡೆಸಿಬೆಲ್ ಕೆಳಗೆ.

ಪದಕ್ಕೆ ಕೀಬೋರ್ಡು, ರಿದಂ ಪ್ಯಾಡು, ಎಕೋ ಸೇರಿಸಬೇಡಿ. ಶ್ರುತಿ ತಿದ್ದುವ ಸಾಫ್ಟ್‌ವೇರಂತೂ ಬೇಡವೇ ಬೇಡ. ಅಜ್ಜಿಯ ದನಿ ಏರುವ ಇಳಿಯುವ ಬಗೆ ಹಾರ್ಮೋನಿಯಂ ಮನೆಗಳಿಗೆ ಹೊಂದಬೇಕೆಂದೇನಿಲ್ಲ. ಈ ವಿಷಯದಲ್ಲಿ ನಾನು ಹಟಮಾರಿ. ಕೇಳುಗರಿಗೆ ಬೇಸರವಾಗುತ್ತದೆ ಅನ್ನುವ ಭಯದಿಂದಲೇ ಎಷ್ಟೋ ಒಳ್ಳೆಯ ದನಿಗಳು ಟ್ರ್ಯಾಕಿನ ಕೆಳಗೆ ಹೂತುಹೋಗಿವೆ.

ಎಡಿಟಿಂಗಿಗೆ ಉಚಿತವಾಗಿ ಸಿಗುವ ಆಡಾಸಿಟಿ ಸಾಕು. ಮುಗಿದ ಮೇಲೆ ಫೋನಿನ ಚಿಕ್ಕ ಸ್ಪೀಕರಿನಲ್ಲಿ ಕೇಳಿ, ಆಟೋದಲ್ಲಿ ಕೂತು ಕೇಳಿ. ಕಲ್ಲಿನ ದಪ್ಪ ಸದ್ದು ಚಿಕ್ಕ ಸ್ಪೀಕರಿನಲ್ಲಿ ಮಾಯವಾಗುತ್ತದೆ, ಕಾಳು ಅರೆಯುವ ಮೇಲಿನ ಸದ್ದು ಮಾತ್ರ ಉಳಿಯುತ್ತದೆ. ಅಷ್ಟರಲ್ಲೂ ಅದು ಬೀಸುಕಲ್ಲು ಅಂತ ಗೊತ್ತಾಗಬೇಕು.

ಪ್ರಸಾರಕ್ಕೆ ಮುಂಚೆ ಊರಲ್ಲಿ ಕೇಳಿಸಿ

ಸುತ್ತಮುತ್ತಲ ಊರಿನವರಿಗಾಗಿಯೇ ನಡೆಯುವ ಸಮುದಾಯ ರೇಡಿಯೋದ ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಸುತ್ತ ಹತ್ತು ಹದಿನೈದು ಕಿಲೋಮೀಟರ್ ದೂರಕ್ಕೆ ಕೇಳಿಸುತ್ತದೆ. ಅಂದರೆ ಕೇಳುಗರಲ್ಲಿ ಬಹಳ ಜನಕ್ಕೆ ಆ ದನಿಗಳ ಪರಿಚಯ ಇರುತ್ತದೆ. ಹಾಗಾಗಿ ಸ್ಪೀಕರ್ ಒಂದನ್ನು ತೆಗೆದುಕೊಂಡು ಹೋಗಿ, ಮಾತಾಡಿದವರನ್ನೂ ಹಾಡಿದವರನ್ನೂ ಜಗಲಿಯ ಮೇಲೆ ಕೂರಿಸಿ ಪೂರ್ತಿ ಕೇಳಿಸಿ. ಊರಿನ ಹೆಸರು ತಪ್ಪಾಗಿದ್ದರೆ, ಒಂದು ಪದದ ನಡುವೆ ಇನ್ನೊಂದು ಪದ ಸೇರಿದ್ದರೆ ಅವರೇ ಹಿಡಿಯುತ್ತಾರೆ. 'ಆ ಮಾತು ಬ್ಯಾಡ, ತಗುದ್ಬುಡು' ಅಂದರೆ ತೆಗೆಯಿರಿ. ಅದಕ್ಕಾಗಿ ಪ್ರಸಾರಕ್ಕೆ ಒಂದು ವಾರವಾದರೂ ಮುಂಚೆ ಹೋಗಿ.

ಮೂಲ ರೆಕಾರ್ಡಿಂಗುಗಳನ್ನು ಅಳಿಸಬೇಡಿ. ಕಾರ್ಯಕ್ರಮಕ್ಕೆ ಬಳಸಿದ್ದು ಅರ್ಧ ಗಂಟೆ, ಉಳಿದ ಪದಗಳು ಬೇರೆಲ್ಲೂ ಇಲ್ಲದಿರಬಹುದು. ಊರು, ಹೆಸರು, ತಾರೀಕು, ಯಾವ ಪದ ಅನ್ನುವುದು ಫೈಲಿನ ಹೆಸರಲ್ಲೇ ಇರಲಿ. ಎರಡು ಬೇರೆ ಹಾರ್ಡ್‌ಡಿಸ್ಕಿನಲ್ಲಿ, ಎರಡು ಬೇರೆ ಕಟ್ಟಡದಲ್ಲಿ ಇಡಿ. ಪದ ಕೊಟ್ಟ ಮನೆಗೆ ಅವರ ರೆಕಾರ್ಡಿಂಗನ್ನೆಲ್ಲ ಪೆನ್‌ಡ್ರೈವಿನಲ್ಲಿ ಕೊಡಿ, ಮನೆಯಲ್ಲಿ ಯಾರ ಫೋನ್ ಓಡುತ್ತಿದೆಯೋ ಅದಕ್ಕೂ ಹಾಕಿಕೊಟ್ಟು, ತೆರೆದು ಕೇಳುವುದು ಹೇಗೆಂದು ತೋರಿಸಿ ಬನ್ನಿ.